ಚಾರ್ಜರ್ ಹಾಕಿದರೆ ಗುಂಯ್, ನಡುವೆ ಟಕ್ ಅಂತ ಸದ್ದೇ ನಾಪತ್ತೆ: ಯುಎಸ್‌ಬಿ ಡ್ಯಾಕ್‌ಗೆ ಎಂತ ಮಾಡೋದು?

ತುಂಗೆ_ಬದಿಯವ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಅಪ್ಪ ಕ್ಯಾಸೆಟ್ ಕಾಲದಲ್ಲಿ ರೆಕಾರ್ಡ್ ಮಾಡಿಟ್ಟ ತಾಳಮದ್ದಲೆಗಳು ಒಂದು ಟ್ರಂಕ್ ತುಂಬ ಇದ್ದವು. ಅರ್ಧಕ್ಕೆ ಬೂಷ್ಟು ಹಿಡಿದಿತ್ತು, ಉಳಿದದ್ದನ್ನು ಹೋದ ಮಳೆಗಾಲದಲ್ಲಿ ಕೂತು ಕಂಪ್ಯೂಟರಿಗೆ ಇಳಿಸಿದೆ. ಅಪ್ಪನ ಹಳೇ ಆಂಪ್ಲಿಫೈಯರ್ ಮತ್ತು ದೊಡ್ಡ ಸ್ಪೀಕರ್ ಇನ್ನೂ ಚೆನ್ನಾಗಿವೆ. ಅದರಲ್ಲೇ ಅವರಿಗೆ ಕೇಳಿಸೋಣ ಅಂತ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಫೈಲನ್ನು ಆಂಪಿಗೆ ಬೇಕಾದ ಸದ್ದಿನ ಸಿಗ್ನಲ್ ಮಾಡಿಕೊಡುವ ಡಬ್ಬಿ) ತರಿಸಿದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತು ಎಂದೋ ಸಡಿಲ ಆಗಿತ್ತು, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

ಜೋಡಣೆ ಹೀಗಿದೆ. ವಿಂಡೋಸ್ 10 ಲ್ಯಾಪ್‌ಟಾಪ್, ಮೈ ಪೂರ್ತಿ ಲೋಹದ್ದು, ಮೂರು ಪಿನ್ ಚಾರ್ಜರ್. ಅದಕ್ಕೊಂದು ನಾಲ್ಕು ತೂತಿನ ಹಬ್. ಹಬ್ಬಿಗೆ ಡ್ಯಾಕ್, ಮೌಸ್, ಮತ್ತೆ ರೆಕಾರ್ಡಿಂಗ್ ಎಲ್ಲ ಇರುವ ಹಾರ್ಡ್‌ಡಿಸ್ಕ್. ಡ್ಯಾಕಿನಿಂದ ಆರ್‌ಸಿಎ ವಯರಿನಲ್ಲಿ ಆಂಪಿಗೆ. ಲ್ಯಾಪ್‌ಟಾಪ್ ಚಾರ್ಜರ್ ಜಗಲಿಯ ಬೋರ್ಡಿನಲ್ಲಿ, ಆಂಪು ಒಳಗಿನ ಕೋಣೆಯಿಂದ ಎಳೆದ ಎಕ್ಸ್‌ಟೆನ್ಷನ್‌ನಲ್ಲಿ.

ಕಷ್ಟ ಮೂರು. ಒಂದು, ಸ್ವಿಚ್ ಹಾಕಿದ ಕ್ಷಣದಿಂದ ಗುಂಯ್ ಅನ್ನುತ್ತದೆ, ಭಾಗವತರು ಪದ ನಿಲ್ಲಿಸಿದಾಗ ಅದೇ ಜೋರಾಗಿ ಕೇಳುತ್ತದೆ. ಎರಡು, ಆಗಾಗ ಟಕ್ ಅಂತ ಸದ್ದು ಬಂದು ಎರಡು ಸೆಕೆಂಡ್ ಎಲ್ಲ ನಿಂತುಹೋಗುತ್ತದೆ. ಮೂರು, ನನ್ನ ಫೈಲುಗಳೆಲ್ಲ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ (ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ) ಇದ್ದರೂ ಡ್ಯಾಕಿನ ಪರದೆ ಯಾವಾಗಲೂ 48 ಅಂತಲೇ ತೋರಿಸುತ್ತದೆ. ಅಂಗಡಿಯಲ್ಲಿ ಕೇಳಿದೆ. ಒಳ್ಳೆ ಕೇಬಲ್ ಹಾಕಿ ಅಂತ ಡ್ಯಾಕಿನ ಅರ್ಧ ಬೆಲೆಯ ಕೇಬಲ್ ತೋರಿಸಿದರು. ತಗೊಳ್ಳಲಾ?

ಭದ್ರಾವತಿ_ಬಾಸ್ | ಭಾನುವಾರ ರಾತ್ರಿ

ಕೇಬಲ್ ಎಲ್ಲ ಬೇಡ ಗುರುವೇ. ಆಂಪಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಇದೆಯಲ್ಲ, ಅದನ್ನು ಕಿತ್ತು ಬಿಸಾಕಿ. ನಾನು ಹಾಗೇ ಮಾಡಿದ್ದು, ಗುಂಯ್ ಅಲ್ಲೇ ನಿಂತಿತು.

ಸಾಗರದ_ಸೋಲ್ಡರ್ | ಸೋಮವಾರ ಬೆಳಿಗ್ಗೆ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಭದ್ರಾವತಿಯವರು ಬೇಜಾರು ಮಾಡಿಕೊಳ್ಳಬಾರದು, ಗುಂಯ್ ಹೋಗುವುದು ನಿಜ. ಆದರೆ ಆ ಪಿನ್ ಅರ್ಥಿನದ್ದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ದಾರಿ; ಅದು ಇರುವುದು ಸದ್ದಿಗಲ್ಲ, ಜೀವಕ್ಕೆ. ಹಳೇ ಆಂಪು, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್. ಅದರ ಇನ್ಸುಲೇಷನ್ ಒಂದು ದಿನ ಕೈಕೊಟ್ಟರೆ 230 ವೋಲ್ಟ್ ನೇರ ಡಬ್ಬಿಯ ಮೈಗೆ ಬರುತ್ತದೆ. ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ನೆಲವೇ ಒದ್ದೆ. ಬರಿಗಾಲಲ್ಲಿ ಹೋಗಿ ವಾಲ್ಯೂಮ್ ತಿರುಗಿಸುವುದು ನಿಮ್ಮ ಅಪ್ಪ, ಅಲ್ವಾ?

ಈಗ ಏನೂ ಕೊಳ್ಳಬೇಡಿ. ಒಂದೊಂದೇ ಕಳಚುತ್ತಾ ಬನ್ನಿ, ಕಿವಿ ಕೊಟ್ಟು ಕೇಳಿ, ಇಲ್ಲಿ ಬರೆಯಿರಿ.

ಮೊದಲು ಹಾಡುತ್ತಿರುವಾಗಲೇ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ಹೋಯಿತಾ, ಉಳಿಯಿತಾ? ಆಮೇಲೆ ಆಂಪು ಆಫ್ ಮಾಡಿ ಆರ್‌ಸಿಎ ವಯರ್ ತೆಗೆದು ಮತ್ತೆ ಆನ್ ಮಾಡಿ. ಆಫ್ ಮಾಡದೆ ಮಾತ್ರ ತೆಗೆಯಬೇಡಿ. ಆರ್‌ಸಿಎ ಪಿನ್ ಚುಚ್ಚುವಾಗ ನಡುವಿನ ಮೊಳೆ ಮೊದಲು ತಾಗುತ್ತದೆ, ಸುತ್ತಲಿನ ಬಳೆ ಆಮೇಲೆ. ಆ ಒಂದು ಕ್ಷಣದಲ್ಲಿ ಸ್ಪೀಕರ್ ಡಬ್ ಅಂತ ಹಾರುತ್ತದೆ. ಮೂರನೆಯದ್ದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆರ್‌ಸಿಎ ತೆಗೆದಿಟ್ಟು, ಚಾರ್ಜರ್ ಹಾಕಿಟ್ಟು, ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಬೆರಳ ಹಿಂಬದಿಯನ್ನು ಮೆಲ್ಲಗೆ ಜಾರಿಸಿ. ಜುಮ್ ಅನ್ನುತ್ತದಾ ನೋಡಿ. ಸುಮ್ನೆ ಜುಮ್ ಅಂದರೆ ಸರಿ, ಶಾಕ್ ಹೊಡೆದ ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಆ ಚಾರ್ಜರನ್ನೇ ಬಳಸಬೇಡಿ.

ಕೊನೆಗೆ ಹಬ್ ಬಿಟ್ಟು ಡ್ಯಾಕನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ ಒಂದು ಗಂಟೆ ಕೇಳಿ. ಮತ್ತೆ ಆ ಟಕ್ ಯಾವಾಗ ಬರುತ್ತದೆ ಅಂತ ಸ್ವಲ್ಪ ನೆನಪು ಮಾಡಿಕೊಂಡು ಹೇಳಿ. ಎಲ್ಲೆಂದರಲ್ಲಿ ಬರುತ್ತದಾ, ಇಲ್ಲ ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವಾಗಲಾ?

ತುಂಗೆ_ಬದಿಯವ | ಸೋಮವಾರ ಸಂಜೆ

ಅಣ್ಣ, ನೀವು ನಮ್ಮ ಮನೆ ನೋಡಿಕೊಂಡೇ ಬರೆದ ಹಾಗಿದೆ. ಚಾರ್ಜರ್ ಕಿತ್ತ ಕೂಡಲೇ ಗುಂಯ್ ಬಂದ್. ಆರ್‌ಸಿಎ ತೆಗೆದರೆ ಆಂಪು ಪೂರ್ತಿ ಮೌನ. ಮುಚ್ಚಳದ ಮೇಲೆ ಬೆರಳು ಜಾರಿಸಿದರೆ ಸಣ್ಣಗೆ ಜುಮ್ಮ್ ಅನ್ನುತ್ತದೆ, ಬಟ್ಟೆ ಒರಟಾದ ಹಾಗೆ. ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದೆ, ಚಪ್ಪಲಿ ಹಾಕಿಕೊಂಡರೆ ಕಡಿಮೆ. ಆದರೆ ಒಂದು ವಿಷಯ ಅರ್ಥ ಆಗಲಿಲ್ಲ. ಆರ್‌ಸಿಎ ವಾಪಸ್ ಚುಚ್ಚಿದರೆ ಆ ಜುಮ್ ಹೋಗುತ್ತದೆ, ಗುಂಯ್ ಬರುತ್ತದೆ!

ಟಕ್ ಬರುವುದು ಹೆಚ್ಚಾಗಿ ಕ್ಯಾಸೆಟ್ಟಿನ ಎ ಬದಿ ಮುಗಿದು ಬಿ ಬದಿಯ ಫೈಲ್ ಶುರುವಾಗುವಾಗ. ನೇರ ಚುಚ್ಚಿದ ಮೇಲೆ ಒಂದೂವರೆ ಗಂಟೆ ಆಯಿತು, ಒಮ್ಮೆಯೂ ಬಂದಿಲ್ಲ.

ಸಾಗರದ_ಸೋಲ್ಡರ್ | ಸೋಮವಾರ ರಾತ್ರಿ

ನಿಮಗೆ ಅರ್ಥ ಆಗದ ಆ ವಿಷಯದಲ್ಲೇ ಉತ್ತರ ಇದೆ.

ಲ್ಯಾಪ್‌ಟಾಪ್ ಚಾರ್ಜರಿನ ಒಳಗೆ ಕರೆಂಟಿನ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ರೇಡಿಯೋಗೆಲ್ಲ ತೊಂದರೆ ಆಗಬಾರದು ಅಂತ ಬೇಕೆಂದೇ ಇಟ್ಟದ್ದು. ಅದರಿಂದ ಚೂರೇ ಚೂರು ಕರೆಂಟ್ ಸೋರುತ್ತದೆ. ಗೋಡೆಯ ತೂತಿನಲ್ಲಿ ಅರ್ಥ್ ಸರಿ ಇದ್ದರೆ ಅದು ಅಲ್ಲೇ ಇಳಿದುಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈ ಮೇಲೆ ಬಂದು ಕೂರುತ್ತದೆ. ನಿಮ್ಮ ಬೆರಳಿಗೆ ತಾಗಿದ್ದು ಅದೇ.

ಈಗ ಆರ್‌ಸಿಎ ಚುಚ್ಚಿದಿರಿ. ಲ್ಯಾಪ್‌ಟಾಪಿನ ಮೈ, ಯುಎಸ್‌ಬಿ ವಯರಿನ ನೆಗೆಟಿವ್, ಡ್ಯಾಕ್, ಆರ್‌ಸಿಎಯ ಹೊರಬಳೆ, ಆಂಪಿನ ಡಬ್ಬಿ ಎಲ್ಲ ಒಂದಕ್ಕೊಂದು ಸೇರಿಕೊಂಡವು. ಆಂಪಿಗೆ ಒಳಗಿನ ಕೋಣೆಯಲ್ಲಿ ಸರಿಯಾದ ಅರ್ಥ್ ಇದೆ ಅಂತ ಕಾಣುತ್ತದೆ. ಸೋರಿದ ಕರೆಂಟಿಗೆ ದಾರಿ ಸಿಕ್ಕಿತು, ಓಡಿತು, ನಿಮ್ಮ ಬೆರಳು ಪಾರಾಯಿತು. ಆದರೆ ಅದು ಓಡುತ್ತಿರುವುದು ಹಾಡು ಹೋಗುವ ವಯರಿನ ಹೊರಬಳೆಯಲ್ಲೇ. ಅದಕ್ಕೆ 50 ಹರ್ಟ್ಸ್ ಗುಂಯ್, ಅದರ ಜೊತೆ 100, 150ರದ್ದೂ ಸೇರಿ ಆ ಕರ್ಕಶ ದನಿ.

ಹಾಗಾಗಿ ಸಂಶಯ ಡ್ಯಾಕಿನ ಮೇಲೆ ಅಲ್ಲ, ಜಗಲಿಯ ಬೋರ್ಡಿನ ಮೇಲೆ. ಎಷ್ಟು ದುಬಾರಿ ಯುಎಸ್‌ಬಿ ಕೇಬಲ್ ಹಾಕಿದರೂ ಅದರಲ್ಲೂ ನೆಗೆಟಿವ್ ವಯರ್ ಇದ್ದೇ ಇರುತ್ತದೆ ಮಾರಾಯ್ರೆ, ಕರೆಂಟು ಅದರಲ್ಲೂ ಹೀಗೇ ಓಡುತ್ತದೆ. ವಯರ್‌ಮನ್ ಕರೆಸಿ ಆ ಬೋರ್ಡ್ ಬಿಚ್ಚಿಸಿ. ಫೇಸಿನಿಂದ ಅರ್ಥಿಗೆ 230ರ ಹತ್ತಿರ ಬರಬೇಕು. ಮಲ್ಟಿಮೀಟರ್ ಒಂದನ್ನೇ ನಂಬಬಾರದು, ತುಂಡಾದ ವಯರಿನಲ್ಲೂ ಅದು ಏನೋ ಒಂದು ವೋಲ್ಟೇಜ್ ತೋರಿಸುತ್ತದೆ. ತಿಳಿದ ವಯರ್‌ಮನ್ ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಾಕಿ ನೋಡುತ್ತಾನೆ. ನೀವು ಮಾಡಲು ಹೋಗಬೇಡಿ.

ಟಕ್ ಕಥೆ ಚಿಕ್ಕದು. ಯುಎಸ್‌ಬಿ 2 ತೂತು ಕೊಡುವುದು 500 ಮಿಲಿಆಂಪ್. ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚುತ್ತದೆ. ಉದ್ದ ಫೈಲ್ ಓಡುವಾಗ ಹಾರ್ಡ್‌ಡಿಸ್ಕ್ ನಿದ್ದೆ ಹೋಗುತ್ತದೆ, ಬಿ ಬದಿ ಬೇಕೆಂದಾಗ ಎದ್ದು ಸುತ್ತಲು ಶುರು ಮಾಡುತ್ತದೆ. ಆ ಹೊತ್ತಿಗೆ ಒಂದೇ ಪೂರ್ತಿ ಪಾಲು ಎಳೆದುಕೊಂಡು ಬಿಡುತ್ತದೆ. ಡ್ಯಾಕ್ ಬಡಪಾಯಿ, ಉಸಿರು ಕಟ್ಟಿ ಸತ್ತು ಹುಟ್ಟುತ್ತದೆ. ಡ್ಯಾಕ್ ನೇರವಾಗಿಯೇ ಇರಲಿ.

ಹೊಸನಗರ_ಪೆಂಗ್ವಿನ್ | ಮಂಗಳವಾರ

48ರ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅದು ದೋಷ ಅಲ್ಲ. ವಿಂಡೋಸ್ ಎಲ್ಲ ಪ್ರೋಗ್ರಾಮ್‌ಗಳ ಸದ್ದನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ ಕಳಿಸುತ್ತದೆ. ಮೇಲ್ ಬಂದ ಟಿಣ್ ಶಬ್ದವೂ ಅದರಲ್ಲೇ. ಪಾತ್ರೆಯ ಅಳತೆ ಒಂದೇ ಇರಬೇಕಲ್ಲ, ನಿಮ್ಮಲ್ಲಿ ಅದು 48,000 ಇದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಡ್ಯಾಕಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ಅನ್ನುವಲ್ಲಿ 44,100 ಮಾಡಿದರೆ ಮುಗಿಯಿತು. ಪಾತ್ರೆಯೇ ಬೇಡ ಅಂದರೆ ಫೂಬಾರ್2000 ಅನ್ನುವ ಪ್ಲೇಯರ್ ಹಾಕಿಕೊಂಡು ಔಟ್‌ಪುಟ್‌ನಲ್ಲಿ ಡ್ಯಾಕನ್ನು ಆ ಪ್ಲೇಯರ್ ಒಂದಕ್ಕೇ ಬಿಟ್ಟುಕೊಡುವ ವಸಾಪಿ ಎಕ್ಸ್‌ಕ್ಲೂಸಿವ್ ಆರಿಸಿ. ಆಗ ಫೈಲ್ ಯಾವ ರೇಟಿನಲ್ಲಿದೆಯೋ ಡ್ಯಾಕ್ ಅದನ್ನೇ ತೋರಿಸುತ್ತದೆ. ಬೇರೆ ಯಾವ ಸದ್ದೂ ನಡುವೆ ಬರುವುದಿಲ್ಲ, ಅದೊಂದು ಲಾಭ.

ಲಿನಕ್ಸ್ ಇದ್ದವರಿಗೆ: ಅಲ್ಲಿ ಸದ್ದು ಕಲಸುವ ಪೈಪ್‌ವೈರ್ ಕೂಡ ಸುಮ್ನೆ ಬಿಟ್ಟರೆ 48,000ಕ್ಕೇ ಅಂಟಿಕೊಂಡಿರುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಒಪ್ಪುವ ರೇಟುಗಳ ಸಾಲಿಗೆ 44,100 ಸೇರಿಸಿದರೆ ತಾನೇ ಬದಲಾಯಿಸಿಕೊಳ್ಳುತ್ತದೆ.

ಡ್ರೈವರ್ ಹುಡುಕಲು ಹೋಗಬೇಡಿ. 2017ರ ವಿಂಡೋಸ್ 10, 1703 ಆವೃತ್ತಿಯಿಂದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಅನ್ನುವ, ಇಂಥ ಡ್ಯಾಕುಗಳ ಸಾಮಾನ್ಯ ಪದ್ಧತಿಯ ಡ್ರೈವರ್ ಒಳಗೇ ಬರುತ್ತದೆ. ಅದಕ್ಕೂ ಹಿಂದಿನ ವಿಂಡೋಸ್ ಆದರೆ ಮಾತ್ರ ತಯಾರಕರದ್ದು ಹಾಕಬೇಕಿತ್ತು.

ಒಂದು ಮಾತು ಕೇಳಿ, ಬೈಯಬೇಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನಲ್ಲಿ 15,000 ಹರ್ಟ್ಸ್ ದಾಟಿ ಏನಾದರೂ ಉಳಿದಿದ್ದರೆ ಅದೇ ಪುಣ್ಯ. 44.1 ಅಂದರೆ ಅದರ ಅರ್ಧ, 22,050 ಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ಅದು 48 ಆದರೆ ಅಪ್ಪನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಭದ್ರಾವತಿ_ಬಾಸ್ | ಮಂಗಳವಾರ

ಸೋಲ್ಡರ್ ಸಾರ್, ನಾನು ಪಿನ್ ಕಿತ್ತದ್ದು ನಿಜ, ಈಗ ಹೆದರಿಕೆ ಆಗುತ್ತಿದೆ. ಹೊಸ ಪ್ಲಗ್ ಹಾಕಿಸುತ್ತೇನೆ. ಆದರೆ ಆಮೇಲೆ ಗುಂಯ್ ವಾಪಸ್ ಬಂದರೆ? ಯುಎಸ್‌ಬಿ ಐಸೋಲೇಟರ್ ಅಂತ, ಎರಡು ಬದಿಯ ಕರೆಂಟಿನ ಸಂಪರ್ಕ ಕಡಿಯುವ ಒಂದು ಡಬ್ಬಿ ಸಿಗುತ್ತದಲ್ಲ, ಅದು ಆಗುತ್ತದಾ?

ಸಾಗರದ_ಸೋಲ್ಡರ್ | ಮಂಗಳವಾರ ರಾತ್ರಿ

ಹಾಕಿಸಿ, ಒಳ್ಳೆದಾಗಲಿ. ಗುಂಯ್ ಬಂದರೆ ಮೊದಲು ಆಂಪು, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ದೂರದ ಎರಡು ಬೋರ್ಡುಗಳ ಅರ್ಥ್ ನಡುವೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಐಸೋಲೇಟರ್ ಆಗುತ್ತದೆ, ಆದರೆ ಕಡಿಮೆ ಬೆಲೆಯವು ಹೆಚ್ಚಿನವು 12 ಮೆಗಾಬಿಟ್ ವೇಗದವು. 480ರ ವೇಗ ಕೇಳುವ ಡ್ಯಾಕ್ ಆದರೆ ಗುರುತೇ ಸಿಗದೆ ಹೋಗಬಹುದು, ಇಲ್ಲ 96 ಕಿಲೋಹರ್ಟ್ಸ್ ರೇಟಿಗೆ ನಿಲ್ಲಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಆಪ್ಟಿಕಲ್ ತೂತು ಇದ್ದರೆ ಅದೇ ಚೆಂದ. ಬೆಳಕಿನಲ್ಲಿ ಹೋಗುತ್ತದೆ, ತಾಮ್ರದ ಸಂಬಂಧವೇ ಇಲ್ಲ.

ತುಂಗೆ_ಬದಿಯವ | ಶನಿವಾರ

ತಡವಾಯಿತು, ವಯರ್‌ಮನ್ ಸಿಗುವುದೇ ಕಷ್ಟ. ಇವತ್ತು ಬಂದು ಜಗಲಿಯ ಬೋರ್ಡ್ ಬಿಚ್ಚಿದ. ಹಸಿರು ವಯರಿನ ತುದಿಗೆ ಟೇಪ್ ಸುತ್ತಿ ಒಳಗೆ ಮಡಚಿ ಇಟ್ಟಿದ್ದರು, ಯಾವುದಕ್ಕೂ ಸೇರಿಸಿಯೇ ಇರಲಿಲ್ಲ! ಟೇಪಿನ ಒಳಗೆ ತಾಮ್ರ ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು. ಮನೆ ವಯರಿಂಗ್ ಆದಾಗಿನಿಂದ ಹಾಗೇ ಇತ್ತು ಅಂತ ಕಾಣುತ್ತದೆ. ಅದನ್ನು ಸೇರಿಸಿ ಬಲ್ಬ್ ಹಾಕಿ ತೋರಿಸಿದ, ಸ್ವಲ್ಪ ಮಂಕಾಗಿ ಉರಿಯಿತು. ಹಿತ್ತಿಲಿನ ಅರ್ಥ್ ಗುಂಡಿ ಪೂರ್ತಿ ಒಣಗಿದೆ ಅಂದ. ಉಪ್ಪು ಹಾಕಿ ನಾಲ್ಕು ಕೊಡ ನೀರು ಸುರಿದ ಮೇಲೆ ಬಲ್ಬ್ ಸರಿಯಾಗಿ ಉರಿಯಿತು. ಬೇಸಿಗೆಯಲ್ಲಿ ತೆಂಗಿನ ಸಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಕೊಡ ಹಾಕಿ ಅಂತ ಅಮ್ಮನಿಗೆ ಹೇಳಿ ಹೋಗಿದ್ದಾನೆ.

ಮುಚ್ಚಳ ಸವರಿದರೆ ಈಗ ಜುಮ್ ಇಲ್ಲ. ಗುಂಯ್ ಮುಕ್ಕಾಲು ಪಾಲು ಹೋಯಿತು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ, ಉಳಿದದ್ದೂ ಹೋಯಿತು. ಕೇಬಲ್ ಅದೇ ಹಳೇದು.

ಆದರೂ ಸಂಜೆ ಕೇಳುವಾಗ ಹಿಂದಿನಿಂದ ಸೋ ಅಂತ ಒಂದೇ ಸಮ ಸದ್ದು. ಮತ್ತೆ ಶುರುವಾಯಿತಲ್ಲ ಅಂತ ಚಾರ್ಜರ್ ಕಿತ್ತೆ, ಹೋಗಲಿಲ್ಲ. ಪ್ಲೇ ನಿಲ್ಲಿಸಿದೆ, ನಿಂತಿತು. ಮತ್ತೆ ಹಾಕಿದೆ, ಬಂತು. ಅಪ್ಪ ಕವಳ ಉಗಿದು ಬಂದು ನೋಡಿ, "ಅದೆಂತಕ್ಕೆ ಕೀಳ್ತಾ ಇದ್ದೀಯ, ಅವತ್ತು ಜೋರು ಮಳೆ, ಅದು ತಗಡಿನ ಮೇಲೆ ಬೀಳುವ ಸದ್ದು" ಅಂದರು.

ಸಾಗರದ_ಸೋಲ್ಡರ್ | ಶನಿವಾರ ರಾತ್ರಿ

ಅದಕ್ಕೆ ಐಸೋಲೇಟರ್ ಸಿಗುವುದಿಲ್ಲ. ಆ ಫೈಲ್ ಒಂದು ನನಗೂ ಕಳಿಸಿ.