ಊರಿನ ಶಾಲೆ ಬಿಟ್ಟು ಆಫ್ರಿಕಾಕ್ಕೆ ದುಡ್ಡು ಕಳಿಸೋದು ತಪ್ಪಾ?

ಬಂಗಾರಪೇಟೆ ಪ್ಯಾಸೆಂಜರ್:
ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರುವವನು ನಾನು. ತಿಂಗಳಿಗೆ 2000 ರೂಪಾಯಿ ದಾನಕ್ಕೆ ಅಂತ ತೆಗೆದಿಡುತ್ತೇನೆ. ಇಷ್ಟು ದಿನ ಅದು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಿತ್ತು. ಈಚೆಗೆ ಮಲೇರಿಯಾ ಬಗ್ಗೆ ಓದಿದೆ. ಆ ಕಾಯಿಲೆಯಿಂದ ಸಾಯುವವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಆಫ್ರಿಕಾದವರು, ಅದರಲ್ಲೂ ಹೆಚ್ಚಿನವರು 5 ವರ್ಷ ತುಂಬದ ಮಕ್ಕಳು. ಔಷಧಿ ಹಾಕಿದ ಒಂದು ಸೊಳ್ಳೆಪರದೆಗೆ ಹಂಚುವ ಖರ್ಚೂ ಸೇರಿ ಹೆಚ್ಚುಕಡಿಮೆ 500 ರೂಪಾಯಿ, ಇಬ್ಬರು ಮಲಗಬಹುದು. ಅರ್ಧ ದುಡ್ಡು ಅಲ್ಲಿಗೆ ಕಳಿಸೋಣ ಅಂತ ಮನೆಯಲ್ಲಿ ಬಾಯಿಬಿಟ್ಟೆ ನೋಡಿ, ಅಪ್ಪ ಮುದ್ದೆ ತಟ್ಟೆಯಿಂದ ಮುಖ ಎತ್ತದೇ "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದುಬಿಟ್ಟರು. ನೀವೇನಂತೀರಿ?

ಮುಳಬಾಗಿಲು ದೋಸೆ:
ನಿಮ್ಮಪ್ಪ ಸರಿಯಾಗೇ ಹೇಳಿದ್ದಾರೆ. ನಮ್ಮೂರಿನ ಶುದ್ಧ ನೀರಿನ ಘಟಕಕ್ಕೆ ಬನ್ನಿ. 5 ರೂಪಾಯಿ ಕಾಯಿನ್ ನುಂಗುತ್ತದೆ, ನೀರು ಬರುವುದಿಲ್ಲ. ಜನ ಮತ್ತೆ ಬೋರ್‌ವೆಲ್ ನೀರೇ ಕುಡಿಯುತ್ತಿದ್ದಾರೆ. ನೀರಲ್ಲಿ ಹಲ್ಲು ಕೆಡಿಸುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದೆಲ್ಲ ಕಾಗದದ ಮೇಲೆ. ಇಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಜೊತೆಗೆ, ಇಲ್ಲಿ ಕೊಟ್ಟ ದುಡ್ಡು ಏನಾಯಿತು ಅಂತ ಹೋಗಿ ಜಗಳ ಆಡಬಹುದು. ಅಲ್ಲಿ ಯಾರನ್ನ ಕೇಳ್ತೀರಿ?

ಲೆಕ್ಕದ ಮೇಷ್ಟ್ರು, ಕೆಜಿಎಫ್:
ಸುಮ್ನೆ ಒಂದು ಮಾಹಿತಿ. ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಊರಿನ ಟ್ರಸ್ಟಿಗೆ ಕೊಟ್ಟರೂ ಇಲ್ಲ, ಆ ಚಿಂತೆ ಬಿಡಿ. ಕಳಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ರಿಸರ್ವ್ ಬ್ಯಾಂಕ್ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಬಿಟ್ಟಿದೆ. ನಿಮ್ಮ ಸಾವಿರಕ್ಕೆ ಏನೂ ಆಗಲ್ಲ!

ಶ್ರೀನಿವಾಸಪುರದ ಮಾವು:
ದೋಸೆಯಣ್ಣ, ನೀರಿನ ವಿಷಯ ಒಪ್ಪಿದೆ. ಆದರೆ ಒಂದು ಕೇಳಿ. ಎರಡು ವರ್ಷದ ಹಿಂದೆ ಪಕ್ಕದ ತೋಟದ ಕೃಷಿಹೊಂಡಕ್ಕೆ ಒಂದು ಮಗು ಜಾರಿ ಬಿತ್ತು. ಟಾರ್ಪಾಲು ಹಾಸಿದ ಹೊಂಡ, ಕೈಗೆ ಹಿಡಿತವೇ ಸಿಗುವುದಿಲ್ಲ, ಹತ್ತಿದಷ್ಟೂ ಜಾರುತ್ತದೆ. ಟೊಮೆಟೊ ಕೀಳಲು ಆಂಧ್ರದಿಂದ ಬಂದಿದ್ದ ಕೂಲಿಯವನೊಬ್ಬ ಡ್ರಿಪ್ ಪೈಪು ಎಸೆದು ಎಳೆದುಕೊಂಡ. ಯಾರ ಮಗು, ಯಾವೂರು ಅಂತ ಕೇಳಲಿಲ್ಲ. ಪೀಟರ್ ಸಿಂಗರ್ ಅಂತ ಆಸ್ಟ್ರೇಲಿಯಾದ ತತ್ವಜ್ಞಾನಿಯೊಬ್ಬರು 1972ರಲ್ಲಿ ಇದನ್ನೇ ಬರೆದರು: ಎದುರಿನ ಕೊಳದಲ್ಲಿ ಮುಳುಗುವ ಮಗುವಿಗೂ ದೂರದಲ್ಲಿ ಹಸಿದ ಮಗುವಿಗೂ ಏನು ವ್ಯತ್ಯಾಸ ಅಂತ. ಆಗ ಅವರು ಹೇಳಿದ ದೂರದವರು ಯಾರು ಗೊತ್ತಾ? ಪೂರ್ವ ಬಂಗಾಳದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದು ನಮ್ಮದೇ ದೇಶದ ಶಿಬಿರಗಳಲ್ಲಿದ್ದವರು, ಹೆಚ್ಚುಕಡಿಮೆ 1 ಕೋಟಿ ಜನ.

ಅಷ್ಟು ದೂರ ಯಾಕೆ, ಕೋಲಾರದ ಇಟಿಸಿಎಂ ಆಸ್ಪತ್ರೆ ಕಟ್ಟಿದವರು ಅಮೆರಿಕದ ಮೆಥೋಡಿಸ್ಟ್ ಮಿಷನ್‌ನವರು. ಅವರಿಗೆ ಧರ್ಮದ ಉದ್ದೇಶವೂ ಇತ್ತು, ಇಲ್ಲ ಅನ್ನಲ್ಲ. ಆದರೂ ಅಲ್ಲಿ ದುಡ್ಡು ಹಾಕಿದವರ ಊರಲ್ಲಿ ಬಡವರು ಇರಲಿಲ್ವಾ?

ಮುಳಬಾಗಿಲು ದೋಸೆ:
ಆಸ್ಪತ್ರೆ ಮಾತು ಸರಿ. ಘಟಕ ಮಾತ್ರ ಇನ್ನೂ ಕೆಟ್ಟೇ ಇದೆ.

ಬಂಗಾರಪೇಟೆ ಪ್ಯಾಸೆಂಜರ್:
ನಾನು ಹುಟ್ಟಿದ್ದೇ ಇಟಿಸಿಎಂನಲ್ಲಿ! ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆ ದುಡ್ಡು ಮುಟ್ಟಬೇಡ, ಸಿಗರೇಟಿನ ದುಡ್ಡು ಕಳಿಸು" ಅಂದರು. ಸಿಗರೇಟಿನ ವಿಷಯ ಅವರಿಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.