ಅಡುಗೆಮನೆ ಮೂಲೆಗೆ ಕ್ಯಾರೊಸೆಲ್ ಹಾಕ್ಸೋದಾ, ಮುಚ್ಚಿಬಿಡೋದಾ?

ಹೊಸಕಿಚನ್: ಎಲ್ ಶೇಪ್ ಕಿಚನ್ ಮಾಡಿಸ್ತಾ ಇದೀವಿ, ಎರಡೂ ಕಡೆ ಕೆಳಗಿನ ಕ್ಯಾಬಿನೆಟ್ 24 ಇಂಚು ಆಳ. ಮೂಲೆಗೆ ಕ್ಯಾರೊಸೆಲ್ (ತಿರುಗೋ ದುಂಡು ತಟ್ಟೆ) ಹಾಕ್ಸಿ ಅಂತ ಡಿಸೈನರ್, ಬರೀ ಶೆಲ್ಫ್ ಸಾಕು ಅಂತ ಕಾರ್ಪೆಂಟರ್. ಜಾಸ್ತಿ ಅಡುಗೆ ಮಾಡೋದು ನಮ್ಮತ್ತೆ, ಅವರಿಗೆ ಮಂಡಿನೋವು. ಯಾವುದು ಒಳ್ಳೇದು?

ತಿರುಗಣಿ: ಬರೀ ಶೆಲ್ಫ್ ಮಾತ್ರ ಬೇಡ ಮೇಡಂ. ಒಳಗಿಂದ ಒಂದು ಪಾತ್ರೆ ಬೇಕಂದ್ರೆ ನೆಲಕ್ಕೆ ಕೂತು, ಮುಂದಿರೋದನ್ನೆಲ್ಲ ಹೊರಗಿಟ್ಟು, ಭುಜದ ತನಕ ಕೈ ತೂರಿಸಿ ಕತ್ತಲಲ್ಲಿ ತಡಕಾಡ್ಬೇಕು, ಮಂಡಿನೋವಿದ್ದೋರಿಗೆ ಅದು ಶಿಕ್ಷೆ. ಕ್ಯಾರೊಸೆಲ್ ಆದ್ರೆ ತಿರುಗಿಸಿದ್ರೆ ಹಿಂದಿಂದು ಮುಂದಕ್ಕೆ ಬರುತ್ತೆ.

ಟೇಪ್‌ಹಿಡಿದವ: ಬರುತ್ತೆ, ಆದ್ರೆ ಎಷ್ಟು ಜಾಗ ತಿನ್ನುತ್ತೆ ನೋಡಿ. ಚೌಕದೊಳಗೆ ದುಂಡು ತಟ್ಟೆ ಕೂರಿಸಿದ್ರೆ ಶೇ. 78ರಷ್ಟೇ ಬಳಕೆಗೆ ಸಿಗೋದು, ಸಣ್ಣ ಡಬ್ಬಿ ಅಂಚಿಂದ ಜಾರಿದ್ರೆ ಹಿಂದೆ ಸಿಕ್ಕಾಕ್ಕೊಂಡು ತಟ್ಟೆನೇ ತಿರುಗಲ್ಲ. ಅದಕ್ಕಿಂತ ಮುಖ್ಯ, ಮೂಲೆಯಿಂದ ಎರಡೂ ಗೋಡೆಗೆ ಸಾಮಾನ್ಯವಾಗಿ 36 ಇಂಚು ಅದಕ್ಕೇ ಹೋಗುತ್ತೆ. ಮೂಲೆ ಮುಚ್ಚಿದ್ರೆ ಮೂಲೆ 24, ಫಿಲ್ಲರ್ (ಮೂಲೆ ಪಕ್ಕ ಖಾಲಿ ಬಿಡೋ ಜಾಗಕ್ಕೆ ಹಾಕೋ ಪಟ್ಟಿ) 3 ಬಿಟ್ಟು 27 ಇಂಚಿಂದಾನೇ ಡ್ರಾಯರ್ ಶುರು ಮಾಡ್ಬೋದು, ಎರಡೂ ಕಡೆ 9 ಇಂಚು ಉಳೀತು.

ತಿರುಗಣಿ: 24ಕ್ಕೆ 24, ಅಂದ್ರೆ 4 ಚದರಡಿ ಸುಮ್ನೆ ಮುಚ್ಚೋದಾ ಸರ್? ಅಪರೂಪಕ್ಕೆ ಬೇಕಾಗೋ ದೊಡ್ಡ ಪಾತ್ರೆಗಳನ್ನ ಎಲ್ಲಿಡ್ತೀರಿ, ಡ್ರಾಯರಲ್ಲಿ ಹಿಡಿಯಲ್ವಲ್ಲ!

ಅಕ್ಕರೆಅಡುಗೆ: ಇಬ್ರೂ ಪುಲ್‌ಔಟ್ ಮರೆತ್ರಿ. ಗೋಡಂಬಿ ಆಕಾರದ ತಟ್ಟೆ ಬಾಗಿಲಿಂದ ಪೂರ್ತಿ ಹೊರಗೇ ಬರುತ್ತೆ, ತಡಕಾಡೋ ಮಾತೇ ಇಲ್ಲ. ಬಾಗಿಲು ಸಾಮಾನ್ಯವಾಗಿ 18 ಇಂಚಾದ್ರೂ ಬೇಕು, ಒಂದೊಂದು ತಟ್ಟೆ ಎಷ್ಟು ಕೆಜಿ ತಡೆಯುತ್ತೆ ಅಂತ ಕೇಳಿ, ಎಡಕ್ಕೋ ಬಲಕ್ಕೋ ಅಂತ ಆರ್ಡರ್‌ಗೆ ಮುಂಚೆನೇ ಹೇಳ್ಬೇಕು.

ಟೇಪ್‌ಹಿಡಿದವ: ಒಪ್ದೆ ಅಕ್ಕ, ಆದ್ರೆ ಅದಕ್ಕೆ ಒಂದು ಗೋಡೆ ಉದ್ದಕ್ಕೆ ಮೂಲೆ 24, ಫಿಲ್ಲರ್ 3, ಬಾಗಿಲು 18 ಸೇರಿ 45 ಇಂಚು ಬೇಕಲ್ಲ. ಹೊಸಕಿಚನ್ ಅವರೇ, ನಿಮ್ಮ ಅಳತೆ ಹೇಳಿ.

ಹೊಸಕಿಚನ್: ಮೂಲೆಯಿಂದ ಒಲೆ ತನಕ 48, ಸಿಂಕ್ ಕ್ಯಾಬಿನೆಟ್ ತನಕ 42.

ಟೇಪ್‌ಹಿಡಿದವ: ಹಾಗಾದ್ರೆ ಪುಲ್‌ಔಟ್ ಒಲೆ ಕಡೆಗೇ ಹಾಕ್ಬೇಕಾಗುತ್ತೆ, ಒಲೆ ಪಕ್ಕದ ಡ್ರಾಯರ್ ಕೈಬಿಡ್ಬೇಕು. ಕ್ಯಾರೊಸೆಲ್ ಹಾಕಿದ್ರೆ ಅಲ್ಲಿ ಉಳಿಯೋದು 12 ಇಂಚು, ಮುಚ್ಚಿದ್ರೆ 21. ಒಲೆ ಪಕ್ಕ 21 ಇಂಚಿನ ಮೂರು ಡ್ರಾಯರ್ ಸಿಕ್ರೆ ನಿಮ್ಮತ್ತೆ ಮೇಲಿನ ಎರಡರಲ್ಲೇ ದಿನದ ಕೆಲಸ ಮುಗಿಸ್ತಾರೆ, ಬಗ್ಗೋದೇ ಬೇಡ. ನನ್ನ ವೋಟು ಮುಚ್ಚೋದಕ್ಕೆ.

ಅಕ್ಕರೆಅಡುಗೆ: ಈ ಅಳತೆಗೆ ಹೌದು, ಡ್ರಾಯರೇ ಸರಿ. ಮೂಲೆ ಹಿಂದೆ ಬೇರೆ ರೂಮಿದ್ದು ಗೋಡೆ ಒಡೆಯೋ ಹಾಗಿದ್ರೆ ಆ ಕಡೆಯಿಂದ ಬಾಗಿಲಿಡಿ, ಅಪರೂಪದ ಪಾತ್ರೆಗೆ ಆ 4 ಚದರಡಿ ಸಿಗುತ್ತೆ.

ತಿರುಗಣಿ: ಅದಾದ್ರೆ ನಂಗೂ ಒಪ್ಪಿಗೆ, ಆದ್ರೆ ಭಾರ ಹೊರೋ ಗೋಡೆ ಅಲ್ಲ ಅಂತ ಇಂಜಿನಿಯರ್‌ನ ಕೇಳದೆ ಮುಟ್ಬೇಡಿ ಮೇಡಂ.

ಉಳಿಪೆಟ್ಟು: ಕಾರ್ಪೆಂಟರ್ ಆಗಿ ಹೇಳ್ತೀನಿ, ಏನೇ ಮಾಡಿ ಫಿಲ್ಲರ್ ಬಿಡ್ಬೇಡಿ. ಫಿಲ್ಲರ್ ಇಲ್ದೆ ಎರಡು ಡ್ರಾಯರ್ ಮೂಲೇಲಿ ಸೇರಿದ್ರೆ ಒಂದನ್ನ ಎಳೆದಾಗ ಇನ್ನೊಂದರ ಹ್ಯಾಂಡಲ್‌ಗೆ ತಾಗಿ ಅರ್ಧಕ್ಕೇ ನಿಲ್ಲುತ್ತೆ, ಲ್ಯಾಮಿನೇಟ್ ಮೇಲೆ ಗೀರು ಬೀಳುತ್ತೆ. ಹ್ಯಾಂಡಲ್ ಎಷ್ಟು ಹೊರಕ್ಕೆ ಚಾಚುತ್ತೋ ಅದಕ್ಕಿಂತ ಫಿಲ್ಲರ್ ಅಗಲ ಇರ್ಲೇಬೇಕು, ಹಾಗಾಗಿ ಹ್ಯಾಂಡಲ್ ಮೊದ್ಲು ಆರಿಸಿ, ಅದನ್ನ ಕೈಗೆ ಕೊಟ್ಟ ಮೇಲೇನೇ ಕಾರ್ಪೆಂಟರ್‌ಗೆ ಪ್ಲೈ ಕತ್ತರಿಸೋಕೆ ಹೇಳಿ.