ಎದ್ದು ಹೋದರೂ ಲಾಕ್ ಆಗದ ಲ್ಯಾಪ್‌ಟಾಪ್: ಡೈನಾಮಿಕ್ ಲಾಕ್ ಯಾಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ

ನಮಸ್ಕಾರ. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಡೈನಾಮಿಕ್ ಲಾಕ್ ಆನ್ ಮಾಡಿ ಎರಡು ವಾರ ಆಯಿತು. ಫೋನ್ ಬ್ಲೂಟೂತ್‌ನಲ್ಲಿ ಪೇರ್ ಆಗಿದೆ. ಫೋನ್ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರೆ ತಾನಾಗಿಯೇ ಲಾಕ್ ಆಗಬೇಕು ಅಲ್ವಾ? ಆಗುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಹತ್ತು ನಿಮಿಷ ಮಾತಾಡಿ ಬಂದರೂ ಎಲ್ಲ ಹಾಗೇ ತೆರೆದಿರುತ್ತದೆ.

ನಿನ್ನೆ ನಾನು ಎದ್ದು ಹೋದಾಗ ಮೂರು ವರ್ಷದ ಮಗಳು ಕುರ್ಚಿ ಹತ್ತಿ ಕೀಬೋರ್ಡ್ ಒತ್ತಿದ್ದಾಳೆ. ಅರ್ಧ ಬರೆದಿದ್ದ ಮೇಲ್ ಹೊರಟೇ ಹೋಗಿದೆ. ಈ ಲ್ಯಾಪ್‌ಟಾಪ್‌ನಲ್ಲಿ ಬೇರೆಯವರ ಲೆಕ್ಕಪತ್ರಗಳೂ ಇವೆ, ಅದಕ್ಕೇ ಭಯ. ರೀಸ್ಟಾರ್ಟ್ ಮಾಡಿದೆ, ಟಿಕ್ ತೆಗೆದು ಮತ್ತೆ ಹಾಕಿದೆ, ಬ್ಲೂಟೂತ್ ಡ್ರೈವರ್ ಅಪ್‌ಡೇಟ್ ಮಾಡಿದೆ. ಏನೂ ಬದಲಾಗಲಿಲ್ಲ.

ಉತ್ತರ

ಇನ್ನು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಒಂದೇ ಒಂದು ಪರೀಕ್ಷೆ ಮಾಡಿ.

ಲ್ಯಾಪ್‌ಟಾಪ್ ಮುಂದೆಯೇ ಕೂತುಕೊಳ್ಳಿ. ಫೋನಿನಲ್ಲಿ ಬ್ಲೂಟೂತ್ ಆಫ್ ಮಾಡಿ. ಕೀಬೋರ್ಡ್, ಮೌಸ್ ಎರಡರಿಂದಲೂ ಕೈ ತೆಗೆದು ಎರಡು ನಿಮಿಷ ಸುಮ್ನೆ ಕಾಯಿರಿ. ಲಾಕ್ ಆದರೆ ಡೈನಾಮಿಕ್ ಲಾಕ್ ಸರಿಯಾಗಿಯೇ ಇದೆ, ತೊಂದರೆ ಇರುವುದು ದೂರದ ಲೆಕ್ಕದಲ್ಲಿ. ಆಗದಿದ್ದರೆ ಪೇರಿಂಗ್ ಅಥವಾ ಸೆಟ್ಟಿಂಗ್ ಕೆಟ್ಟಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಜಾಸ್ತಿ ಜನ ಇದನ್ನು ಮಾಡದೆ ನೇರವಾಗಿ ಡ್ರೈವರ್ ಹಿಂದೆ ಬೀಳುತ್ತಾರೆ, ಇಡೀ ದಿನ ಹಾಳಾಗುತ್ತದೆ.

ಹಾಗೇ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್, ಅಲ್ಲಿ ಡೈನಾಮಿಕ್ ಲಾಕ್ ತೆರೆದು ನೋಡಿ. ಪೇರ್ ಆದ ಸಾಧನ ಸಿಗುತ್ತಿಲ್ಲ ಎಂಬ ಸಂದೇಶ ಇದೆಯಾ? ವಿಂಡೋಸ್ ಸೆಕ್ಯುರಿಟಿಯ ಅಕೌಂಟ್ ಪ್ರೊಟೆಕ್ಷನ್ ಪುಟದಲ್ಲೂ ಅದೇ ಎಚ್ಚರಿಕೆ ಕಾಣಿಸುತ್ತದೆ.

ಕೇಳಿದವರು

ಮಾಡಿದೆ. ಬ್ಲೂಟೂತ್ ಆಫ್ ಮಾಡಿ ಒಂದು ನಿಮಿಷ ಆಗುವಷ್ಟರಲ್ಲಿ ಲಾಕ್ ಆಯಿತು! ಎಚ್ಚರಿಕೆ ಸಂದೇಶ ಏನೂ ಇಲ್ಲ. ಹಾಗಾದರೆ ನಾನು ಎದ್ದು ಹೋದಾಗ ಯಾಕೆ ಆಗುವುದಿಲ್ಲ?

ಉತ್ತರ

ಒಳ್ಳೆಯದಾಯಿತು, ಅರ್ಧ ಕೆಲಸ ಮುಗಿಯಿತು.

ಡೈನಾಮಿಕ್ ಲಾಕ್ ನೋಡುವುದು ನಿಮ್ಮನ್ನಲ್ಲ, ನಿಮ್ಮ ಫೋನಿನ ಸಿಗ್ನಲನ್ನು. 2017ರಲ್ಲಿ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್ ಜೊತೆ ಬಂದಾಗಿನಿಂದ ಹೀಗೇ ಇದೆ. ಫೋನಿನ ಬ್ಲೂಟೂತ್ ಎಷ್ಟು ಬಲವಾಗಿ ಕೇಳಿಸುತ್ತಿದೆ ಎಂದು ಕಂಪ್ಯೂಟರ್ ಅಳೆಯುತ್ತದೆ. ಆ ಅಳತೆಗೆ ಆರ್‌ಎಸ್‌ಎಸ್‌ಐ ಅನ್ನುತ್ತಾರೆ. 0 ಅಂದರೆ ಬಲ ಜಾಸ್ತಿ, -10 ಅದಕ್ಕಿಂತ ಕಮ್ಮಿ, -60 ಇನ್ನೂ ಕಮ್ಮಿ. ಸಿಗ್ನಲ್ ಗಡಿ ದಾಟಿ ಕೆಳಗಿಳಿದ ಮೇಲೂ ಸ್ವಲ್ಪ ಹೊತ್ತು ಕಾದು ಆಮೇಲೆ ಲಾಕ್ ಮಾಡುತ್ತದೆ. ಎದ್ದ ತಕ್ಷಣ ಆಗುವ ಕೆಲಸವೇ ಅಲ್ಲ ಇದು.

ಇನ್ನು ಪಕ್ಕದ ಕೋಣೆಯ ವಿಷಯ. ಫೋನಿನ ಬ್ಲೂಟೂತ್ ಸುಮಾರು 10 ಮೀಟರ್ ತನಕ ಆರಾಮಾಗಿ ಮುಟ್ಟುತ್ತದೆ. ನಡುವೆ ಒಂದು ತೆಳು ಗೋಡೆ, ತೆರೆದ ಬಾಗಿಲು ಇದ್ದರೆ ಲ್ಯಾಪ್‌ಟಾಪ್ ಪಾಲಿಗೆ ನೀವು ಇನ್ನೂ ಕುರ್ಚಿಯಲ್ಲೇ ಇದ್ದೀರಿ.

ಹೀಗೆ ಮಾಡಿ. ಫೋನ್ ಹಿಡಿದು ಒಂದು ಜಾಗಕ್ಕೆ ಹೋಗಿ, ಅಲ್ಲಿ ಎರಡು ನಿಮಿಷ ನಿಲ್ಲಿ, ಬಂದು ನೋಡಿ. ಲಾಕ್ ಆಗಿರದಿದ್ದರೆ ಇನ್ನೂ ಸ್ವಲ್ಪ ದೂರ ಹೋಗಿ. ನಡೆಯುತ್ತಲೇ ಇರಬೇಡಿ, ನಿಂತೇ ಅಳೆಯಿರಿ. ಎಲ್ಲಿಂದ ಆಚೆಗೆ ಲಾಕ್ ಆಗುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ವಿಂಡೋಸ್ ಪ್ರೊ ಆವೃತ್ತಿ ಇದ್ದರೆ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ (ವಿಂಡೋಸ್‌ನ ಒಳಗಿನ ನಿಯಮಗಳನ್ನು ಬದಲಿಸುವ ಸಾಧನ), ವಿಂಡೋಸ್ ಹಲೋ ಫಾರ್ ಬಿಸಿನೆಸ್ ಕೆಳಗೆ, ಈ ಗಡಿಯನ್ನು ಬದಲಿಸುವ ಜಾಗ ಇದೆ. ಅಲ್ಲಿ ಮೊದಲೇ ಇರುವ ಬೆಲೆ -10. ಅದನ್ನು ಹಾಗೇ ಬಿಡಿ ಅನ್ನುವುದು ಮೈಕ್ರೋಸಾಫ್ಟ್‌ನ ಸಲಹೆ, ನನ್ನದೂ ಅದೇ. ಗಡಿ ಬಿಗಿ ಮಾಡಿದರೆ ಫೋನ್ ಮೇಜಿನ ಮೇಲಿದ್ದಾಗಲೂ ಲಾಕ್ ಆಗಲು ಶುರುವಾಗಬಹುದು. ಆಗ ಬೇಸತ್ತು ಪೂರ್ತಿ ಆಫ್ ಮಾಡಿಬಿಡುತ್ತೀರಿ.

ಇನ್ನೊಬ್ಬರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಉಲ್ಟಾ. ಡೆಸ್ಕ್‌ಟಾಪ್ ಮುಂದೆ ಕೂತು ಓದುತ್ತಿರುವಾಗಲೇ ಲಾಕ್ ಆಗಿಬಿಡುತ್ತದೆ. ಫೋನ್ ಪ್ಯಾಂಟಿನ ಹಿಂದಿನ ಜೇಬಿನಲ್ಲೇ ಇರುತ್ತದೆ.

ಉತ್ತರ

ಮೊದಲು ಡೆಸ್ಕ್‌ಟಾಪ್ ಹಿಂಭಾಗ ನೋಡಿ. ವೈಫೈ ಕಾರ್ಡಿನ ಹತ್ತಿರ ಎರಡು ಚಿಕ್ಕ ಹಿತ್ತಾಳೆ ಬಣ್ಣದ ತಿರುಪುಗಳು ಹೊರಗೆ ಚಾಚಿಕೊಂಡಿವೆಯಾ? ಅಲ್ಲಿ ಆಂಟೆನಾ ಕೂರಿಸಬೇಕು. ಜಾಸ್ತಿ ಕಾರ್ಡುಗಳಲ್ಲಿ ಬ್ಲೂಟೂತ್‌ಗೂ ಅದೇ ಆಂಟೆನಾ. ಲ್ಯಾನ್ ಕೇಬಲ್ ಬಳಸುವವರು ವೈಫೈ ಬೇಡವೆಂದು ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ.

ಆಂಟೆನಾ ಬದಲು ಯುಎಸ್‌ಬಿಗೆ ಚುಚ್ಚುವ ಚಿಕ್ಕ ಬ್ಲೂಟೂತ್ ಡಾಂಗಲ್ ಇದ್ದರೆ ಅದರ ಪಕ್ಕದಲ್ಲಿ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದ್ದೀರಾ ನೋಡಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3 ಅದೇ ಜಾಗದಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾದ ವರದಿ ಕೊಟ್ಟಿದೆ. ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮುಂದಕ್ಕೆ ತನ್ನಿ. ಫೋನನ್ನೂ ಹಿಂದಿನ ಜೇಬಿನಿಂದ ತೆಗೆದು ಮೇಜಿನ ಮೇಲಿಡಿ. ನಮ್ಮ ಮೈಯಲ್ಲಿ ನೀರಿನ ಅಂಶ ಜಾಸ್ತಿ, ಈ ಸಿಗ್ನಲನ್ನು ಅದು ಚೆನ್ನಾಗಿಯೇ ತಡೆಯುತ್ತದೆ.

ಇದರಿಂದಲೂ ಆಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರ್ ಪ್ರಾಪರ್ಟೀಸ್ ತೆರೆಯಿರಿ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಕೆಲವು ಯಂತ್ರಗಳಲ್ಲಿ ಆ ಟ್ಯಾಬೇ ಇರುವುದಿಲ್ಲ.

ಮತ್ತೊಬ್ಬರು

ಫೋನ್ ಬದಲು ಕೈಯಲ್ಲಿರುವ ವಾಚ್ ಪೇರ್ ಮಾಡಿದರೆ? ಅದು ಯಾವಾಗಲೂ ನನ್ನ ಜೊತೆಯೇ ಇರುತ್ತದಲ್ಲ.

ಉತ್ತರ

ನಿಮ್ಮ ಯೋಚನೆ ಸರಿಯಾಗಿದೆ, ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆಗುವುದಿಲ್ಲ. ಪ್ರತಿ ಬ್ಲೂಟೂತ್ ಸಾಧನಕ್ಕೂ ಒಂದು ವರ್ಗದ ಸಂಖ್ಯೆ ಇರುತ್ತದೆ. ಡೈನಾಮಿಕ್ ಲಾಕ್ ಹುಡುಕುವುದು 512, ಅಂದರೆ ಫೋನ್. ವಾಚಿನಂಥ ಮೈಮೇಲೆ ಧರಿಸುವ ಸಾಧನಗಳದ್ದು 1792, ಹೆಡ್‌ಫೋನ್‌ನದ್ದು 1024. ಹೆಡ್‌ಫೋನ್ ಮಾತ್ರ ಪೇರ್ ಮಾಡಿ ಲಾಕ್ ಆಗುತ್ತಿಲ್ಲ ಅನ್ನುವವರ ಕಥೆಯೂ ಇದೇ.

ಕೇಳಿದವರು

ನಡೆದು ಅಳೆದೆ. ಪಕ್ಕದ ಕೋಣೆ, ಅಡುಗೆಮನೆ ಎರಡರಲ್ಲೂ ಲಾಕ್ ಆಗಲಿಲ್ಲ. ಎರಡು ಗೋಡೆ ದಾಟಿ ಮೆಟ್ಟಿಲ ಹತ್ತಿರ ನಿಂತಾಗ ಆಯಿತು. ಅಂದರೆ ಮನೆಯಿಂದ ಹೊರಗೆ ಹೋದರೆ ಸರಿ, ಮನೆಯೊಳಗೇ ಇದ್ದರೆ ಇಲ್ಲ. ನನಗೆ ಬೇಕಿರುವುದು ಮನೆಯೊಳಗೆ. ಏನು ಮಾಡಲಿ?

ಉತ್ತರ

ನಿಮ್ಮ ಮನೆಗೆ ಇದೊಂದೇ ಸಾಲದು. ಎರಡು ಸೇರಿಸಿ.

ಮೊದಲನೆಯದು, ಏಳುವಾಗ ವಿಂಡೋಸ್ ಕೀ ಹಿಡಿದು ಎಲ್ ಒತ್ತಿ. ಅಲ್ಲೇ ಲಾಕ್. ಕುರ್ಚಿ ಹಿಂದೆ ತಳ್ಳುವ ಮುಂಚೆ ಕೈ ಅಲ್ಲಿಗೆ ಹೋಗುವಂತೆ ಒಂದು ವಾರ ಗಮನ ಕೊಟ್ಟು ಮಾಡಿ. ಆಮೇಲೆ ತಾನಾಗಿಯೇ ಬರುತ್ತದೆ. ಮಗು ಇರುವ ಮನೆಯಲ್ಲಿ ನಾನು ನಂಬುವುದು ಇದನ್ನೇ.

ಎರಡನೆಯದು, ಮರೆತ ದಿನಕ್ಕೆ ಸ್ಕ್ರೀನ್ ಸೇವರ್. ಬ್ಲ್ಯಾಂಕ್ ಆರಿಸಿ, ಸಮಯ 2 ನಿಮಿಷ ಇಡಿ, ಮರಳಿ ಬಂದಾಗ ಲಾಗಾನ್ ಪರದೆ ತೋರಿಸು ಎಂಬ ಟಿಕ್ ಹಾಕಿ. ಸ್ಕ್ರೀನ್ ಸೇವರ್ ಪಟ್ಟಿಯಲ್ಲಿ ‘None’ (ಯಾವುದೂ ಬೇಡ) ಅಂತ ಬಿಟ್ಟು ಟಿಕ್ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ. ಒಂದು ಮಾತು ನೆನಪಿರಲಿ: ವಿಡಿಯೋ ಓಡುತ್ತಿದ್ದರೆ ಸಾಮಾನ್ಯವಾಗಿ ಸ್ಕ್ರೀನ್ ಸೇವರ್ ಬರುವುದಿಲ್ಲ.

ಡೈನಾಮಿಕ್ ಲಾಕನ್ನೂ ಆನ್ ಇಟ್ಟಿರಿ, ಹೊರಗೆ ಹೋದಾಗ ಕಾಯುತ್ತದೆ. ವಾಪಸ್ ಬಂದಾಗ ಅದು ತಾನಾಗಿ ತೆರೆಯುವುದಿಲ್ಲ, ಪಿನ್ ನೀವೇ ಹಾಕಬೇಕು.

ಕೇಳಿದವರು

ಮೂರೂ ಮಾಡಿದೆ, ನಾಲ್ಕು ದಿನ ಆಯಿತು. ಇವತ್ತು ಬೆಳಿಗ್ಗೆ ಎಲ್ ಒತ್ತುವುದು ಮರೆತೇ ಹೋಗಿತ್ತು. ಓಡಿ ಬಂದು ನೋಡಿದರೆ ಮಗಳು ಕುರ್ಚಿಯ ಮೇಲಿದ್ದಳು, ಪರದೆಯಲ್ಲಿ ಪಿನ್ ಕೇಳುವ ಪೆಟ್ಟಿಗೆ ಇತ್ತು. ಅದರಲ್ಲಿ ಸಾಲಾಗಿ ಚುಕ್ಕಿಗಳು. ತುಂಬಾ ಧನ್ಯವಾದ.